ಚಪ್ಪಡಿ: ಸಾಗಣೆ ಮತ್ತು ದಾಸ್ತಾನು

ಚಪ್ಪಡಿ: ಬಂಡೆಯಿಂದ ಸುಲಿದ ಅಥವಾ ದಿಮ್ಮಿಯಿಂದ ಕೊಯ್ದ ಹಲಗೆಯಾಕಾರದ ಕಲ್ಲು. ಕಟ್ಟಡದವರ ಈಗಿನ ಮಾತಿನಲ್ಲಿ ಪಾಲಿಶ್ ಆದ ಗ್ರಾನೈಟ್, ಮಾರ್ಬಲ್‌ಗಳಿಗೆ ‘ಸ್ಲ್ಯಾಬ್’ ಎಂದೂ ಗಾಜಿಗೆ ‘ಶೀಟ್’ ಎಂದೂ ಹೆಸರು. ಒರಟು ಕಲ್ಲಿಗೆ ಮಾತ್ರ ಚಪ್ಪಡಿ ಎಂಬ ಹಳೆಯ ಹೆಸರು ಉಳಿದಿದೆ. ವಸ್ತು ಬೇರೆ ಬೇರೆಯಾದರೂ ಎತ್ತುವವನ ಹೆಗಲಿಗೆ ಇವೆಲ್ಲ ಒಂದೇ ಜಾತಿ. ತೂಕ ಹೆಚ್ಚು, ದಪ್ಪ ಕಡಿಮೆ, ಬಾಗುವ ಗುಣವಿಲ್ಲ, ಮುರಿಯುವ ಮುಂಚೆ ಸೂಚನೆಯನ್ನೂ ಕೊಡುವುದಿಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಸೀಮೆಯಲ್ಲಿ ಚಪ್ಪಡಿಯನ್ನು ಹೇಗೆ ಸಾಗಿಸುತ್ತ, ಹೇಗೆ ಇಡುತ್ತ ಬಂದಿದ್ದಾರೆ, ಹೇಗೆ ಮಾಡಿದರೆ ಕೈಕಾಲು ಉಳಿಯುತ್ತವೆ ಎಂಬುದು ಇಲ್ಲಿಯ ವಿಷಯ.

ಕಲ್ಲಿನ ಸೀಮೆ

ಕೋಲಾರ ಜಿಲ್ಲೆಯಿಂದ 2007ರಲ್ಲಿ ಬೇರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಎಲ್ಲಿ ನಿಂತು ನೋಡಿದರೂ ಒಂದು ಬೋಳು ಬಂಡೆ ಕಣ್ಣಿಗೆ ಬೀಳುತ್ತದೆ. 1,478 ಮೀಟರ್ ಎತ್ತರದ ನಂದಿಬೆಟ್ಟ, ಅದರ ಸುತ್ತಲಿನ ಸ್ಕಂದಗಿರಿ, ಚನ್ನಗಿರಿ, ಬ್ರಹ್ಮಗಿರಿ, ಚಿಂತಾಮಣಿ ಕಡೆಯ ಅಂಬಾಜಿದುರ್ಗ, ಕೈವಾರದ ಬೆಟ್ಟ ಎಲ್ಲವೂ ಗ್ರಾನೈಟ್ ಮತ್ತು ನೈಸ್ ಶಿಲೆಯ ಮೈ. ಭಾಭಾ ಅಣು ಸಂಶೋಧನಾ ಕೇಂದ್ರ 1965ರಲ್ಲಿ ಭೂಕಂಪ ಮಾಪನ ಜಾಲವನ್ನು ಗೌರಿಬಿದನೂರಿನಲ್ಲಿ ಹೂಡಿದ್ದು ಇಂಥದೇ ಗಟ್ಟಿ ಬಂಡೆಯ ನೆಲದ ಮೇಲೆ.

ಕಲ್ಲು ಕೈಗೆಟುಕುವಂತಿದ್ದುದರಿಂದ ಮರ ಬಳಸಬೇಕಾದ ಕಡೆಗಳಲ್ಲೂ ಇಲ್ಲಿಯವರು ಕಲ್ಲನ್ನೇ ಬಳಸಿದರು. ಮನೆಯ ಸೂರಿಗೆ ಚಪ್ಪಡಿ, ದನದ ಕೊಟ್ಟಿಗೆಯ ಗೋಡೆಗೆ ಚಪ್ಪಡಿ, ಚರಂಡಿಯ ಮೇಲೆ ಚಪ್ಪಡಿ, ತೋಟದ ಬೇಲಿಗೆ ಸಾಲಾಗಿ ನೆಟ್ಟ ಚಪ್ಪಡಿ. ದ್ರಾಕ್ಷಿ ಚಪ್ಪರಕ್ಕಂತೂ ಕಲ್ಲುಕೂಚವೇ, ಅಂದರೆ ನೆಡುವ ಕಲ್ಲುಕಂಬವೇ ಬೇಕು. ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯದ ಮೂಲ 9ನೇ ಶತಮಾನಕ್ಕೆ ಹೋಗುತ್ತದೆ. ಅದರ ಮಂಟಪಗಳಲ್ಲಿ ಕತ್ತೆತ್ತಿ ನೋಡಿದರೆ ಕಂಬದಿಂದ ಕಂಬಕ್ಕೆ ಹಾಸಿದ ಚಪ್ಪಡಿಗಳು ಕಾಣುತ್ತವೆ. ಕ್ರೇನ್ ಇಲ್ಲದ ಕಾಲದಲ್ಲಿ ಅಷ್ಟು ತೂಕವನ್ನು ಅಷ್ಟೆತ್ತರಕ್ಕೆ ಏರಿಸಿದವರ ಹೆಸರು ಯಾವ ಶಾಸನದಲ್ಲೂ ಇರುವುದಿಲ್ಲ. ದಾನ ಕೊಟ್ಟವರ ಹೆಸರಿರುತ್ತದೆ.

ತೂಕದ ಲೆಕ್ಕ ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಕಣ್ಣಳತೆ ಇಲ್ಲಿ ಮೋಸ ಮಾಡುತ್ತದೆ. ಒಂದು ಘನ ಅಡಿ ಗ್ರಾನೈಟ್ ಸುಮಾರು 75 ಕೆ.ಜಿ. ತೂಗುತ್ತದೆ. 8 ಅಡಿ ಉದ್ದದ, 6 ಇಂಚು ಅಗಲ 4 ಇಂಚು ದಪ್ಪದ ಒಂದು ಕಲ್ಲುಕೂಚ 100 ಕೆ.ಜಿ.; 10 ಅಡಿ ಉದ್ದ, 2 ಅಡಿ ಅಗಲ, 3 ಇಂಚು ದಪ್ಪದ ಸೂರಿನ ಚಪ್ಪಡಿ 375 ಕೆ.ಜಿ. ತೆಳ್ಳಗೆ ಕೊಯ್ದ 20 ಮಿ.ಮೀ. ಗ್ರಾನೈಟ್ ಚದರಡಿಗೆ 5 ಕೆ.ಜಿ. ಬೀಳುತ್ತದೆ. ಅಂದರೆ ಅಂಗಡಿಯಲ್ಲಿ ಹೊಳೆಯುತ್ತ ನಿಂತಿರುವ 10 × 6 ಅಡಿಯ ಸ್ಲ್ಯಾಬ್ 300 ಕೆ.ಜಿ. ಗಾಜಿನದು ಇನ್ನೂ ಸುಲಭದ ಲೆಕ್ಕ: ಒಂದು ಮಿಲಿಮೀಟರ್ ದಪ್ಪಕ್ಕೆ ಚದರ ಮೀಟರಿಗೆ ಎರಡೂವರೆ ಕೆ.ಜಿ. 12 ಮಿ.ಮೀ. ಗಾಜಿನ ಬಾಗಿಲು 7 × 3 ಅಡಿ ಇದ್ದರೆ 58 ಕೆ.ಜಿ. ಒಬ್ಬ ಗಂಡಾಳು ಹೊರಬಹುದಾದ ಗರಿಷ್ಠ ತೂಕ 55 ಕೆ.ಜಿ. ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿದೆ. ಆ ಲೆಕ್ಕಕ್ಕೆ ಇದೊಂದು ಬಾಗಿಲೇ ಮೀರುತ್ತದೆ.

ಬೆಂಕಿ ಹಾಕಿ ಸುಲಿಯುವುದು

ಈ ಸೀಮೆಯ ಬಂಡೆಗಳು ಈರುಳ್ಳಿಯ ಹಾಗೆ ಪದರ ಪದರವಾಗಿ ಏಳುತ್ತವೆ. ಕಲ್ಲುಕುಟಿಗರು ಅದನ್ನು ಕಂಡುಕೊಂಡು ಸಿಡಿಮದ್ದಿಲ್ಲದೆ ಚಪ್ಪಡಿ ಎಬ್ಬಿಸುವ ವಿದ್ಯೆಯನ್ನು ಬೆಳೆಸಿದರು. ಬೆಂಗಳೂರಿನ ಬಂಡೆಯೊಂದರಲ್ಲಿ ನಡೆದ ಇಂಥ ಕೆಲಸವನ್ನು ಎಚ್. ವಾರ್ತ್ ಎಂಬ ಭೂವಿಜ್ಞಾನಿ 1895ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಿವರಿಸಿದರು. ಆ ವಿವರ ಮುಂದೆ ಬ್ರಿಟಾನಿಕ ವಿಶ್ವಕೋಶಕ್ಕೂ ಹೋಯಿತು. ಏಳಡಿ ಉದ್ದಕ್ಕೆ ಸೌದೆ ಜೋಡಿಸಿ ಬಂಡೆಯ ಮೇಲೆ ಉರಿ ಹಚ್ಚುತ್ತಾರೆ. ಕೆಳಗಿನ ಕಲ್ಲು ಕಾದು ಹಿಗ್ಗಿ ತಾಯಿಬಂಡೆಯಿಂದ ಬಿಡಿಸಿಕೊಂಡಿತೋ ಇಲ್ಲವೋ ಎಂಬುದನ್ನು ಸುತ್ತಿಗೆಯಿಂದ ಬಡಿದು ಸದ್ದಿನಲ್ಲೇ ತಿಳಿದು, ಬಿಟ್ಟುಕೊಂಡದ್ದು ಖಚಿತವಾದ ಮೇಲೆ ಸೌದೆಯನ್ನು ಮುಂದಕ್ಕೆ ಸರಿಸುತ್ತಾರೆ. ವಾರ್ತ್ ವಿವರಿಸಿದ ಕೆಲಸದಲ್ಲಿ ಗಂಟೆಗೆ ಆರಡಿಯಂತೆ ಎಂಟು ಗಂಟೆ ಉರಿ ಸರಿಯಿತು. ಬೆಂಕಿ ಹಾದದ್ದು 460 ಚದರಡಿ, ಬಿರುಕು ಅದರಾಚೆಗೂ ಹರಡಿ ಎದ್ದು ಬಂದದ್ದು 740 ಚದರಡಿ, ಸರಾಸರಿ ಐದಿಂಚು ದಪ್ಪ. ಒಂದು ಪೌಂಡ್ ಸೌದೆಗೆ 30 ಪೌಂಡ್ ಕಲ್ಲು.

ಹೀಗೆ ಎದ್ದ ಹಾಳೆಯನ್ನು ಉಳಿಯಿಂದ ಸಾಲು ಗುಳಿ ಹೊಡೆದು, ಬೆಣೆ ಬಡಿದು, ಬೇಕಾದ ಅಗಲಕ್ಕೆ ಸೀಳುತ್ತಾರೆ. ಬೇಟೆಗಾರನಿಗೆ ಕಣ್ಣಿದ್ದ ಹಾಗೆ ಈ ಕೆಲಸದವರಿಗೆ ಕಿವಿ. ಗಟ್ಟಿ ಕಲ್ಲು ಬಡಿದರೆ ‘ಠಣ್’ ಎನ್ನುತ್ತದೆ. ಒಳಗೆ ನರ ಬಿಟ್ಟಿದ್ದರೆ ‘ದೊಬ್’ ಎಂದು ಮಂಕಾಗುತ್ತದೆ. ಎತ್ತುವ ಮುಂಚೆ ಬಡಿದು ಕೇಳುವ ಈ ಅಭ್ಯಾಸವನ್ನು ಇಂದಿನ ಗ್ರಾನೈಟ್ ಅಂಗಡಿಗಳು ಬಿಟ್ಟಿವೆ. ಬಿಡಬಾರದಿತ್ತು. ಪಾಲಿಶ್ ಮತ್ತು ಮೇಣ ಕಣ್ಣಿಗೆ ಬಿರುಕನ್ನು ಮರೆಮಾಚಬಲ್ಲವು, ಕಿವಿಗೆ ಮರೆಮಾಚಲಾರವು.

ಸಿಡಿಮದ್ದಿನ ಕಾಪು ಬೇರೆಯೇ ವಿಷಯ, ಇಲ್ಲಿ ಬೆಳೆಸುವುದಿಲ್ಲ. 2021ರ ಫೆಬ್ರುವರಿಯಲ್ಲಿ ಇದೇ ಜಿಲ್ಲೆಯ ಹಿರೇನಾಗವಲ್ಲಿಯ ಬಳಿ ಜಿಲೆಟಿನ್ ಸಿಡಿದು ಆರು ಮಂದಿ ಸತ್ತದ್ದನ್ನು ಮಾತ್ರ ನೆನೆದು ಮುಂದೆ ಹೋಗಬಹುದು.

ಮಲಗಿಸುವ ಕಾಲ, ನಿಲ್ಲಿಸುವ ಕಾಲ

ಹಳೆಯ ಒರಟು ಚಪ್ಪಡಿಯ ಸಾಗಣೆ ನೆಲಕ್ಕೆ ಅಂಟಿಕೊಂಡ ವಿದ್ಯೆ. ಹಾರೆಯಿಂದ ಮೀಟಿ ಒಂದು ಅಂಚು ಎಬ್ಬಿಸಿ, ಸಂದಿಗೆ ಚಕ್ಕೆಕಲ್ಲು ಕೊಟ್ಟು, ಮತ್ತೆ ಮೀಟಿ, ಕೆಳಗೆ ಉರುಳೆ ಮರ ತೂರಿಸಿ ತಳ್ಳುವುದು. ಎತ್ತಲೇಬೇಕಾದರೆ ಹಗ್ಗ ಬಿಗಿದು, ಬೊಂಬು ತೂರಿಸಿ, ಎರಡೂ ಕಡೆ ಸಮ ಆಳು ನಿಂತು, ಒಬ್ಬನ ಕೂಗಿಗೆ ಎಲ್ಲರೂ ಒಮ್ಮೆಗೇ ಹೆಗಲು ಕೊಡುವುದು. ಸೂರಿಗೆ ಏರಿಸುವಾಗ ಮಣ್ಣಿನ ಇಳಿಜಾರೋ ಸಾರುವೆಯೋ ಬೇಕು. ಕೂಗುವವನು ಭಾರ ಹೊರುವುದಿಲ್ಲ, ಅವನ ಕಣ್ಣು ಎಲ್ಲರ ಕಾಲಿನ ಮೇಲೆ. ಇಂದಿನ ಸುರಕ್ಷತಾ ಕೈಪಿಡಿಗಳು ‘ಒಬ್ಬನೇ ಸೂಚನೆ ಕೊಡಬೇಕು’ ಎಂದು ಬರೆಯುವುದು ಇದನ್ನೇ.

ಆ ಕಲ್ಲು ದಪ್ಪಗಿದ್ದುದರಿಂದ ಅದನ್ನು ಮಲಗಿಸಬಹುದಿತ್ತು. ಕಲ್ಲು ಅದುಮಿದರೆ ತಾಳುತ್ತದೆ, ಎಳೆದರೆ ತಾಳುವುದಿಲ್ಲ. ಬಗ್ಗಿದಾಗ ಅಡಿಮೈ ಎಳೆತಕ್ಕೆ ಸಿಕ್ಕಿ ಅಲ್ಲೇ ಒಡೆಯುತ್ತದೆ. ಎರಡು ತುದಿಗೆ ಆಸರೆ ಕೊಟ್ಟು ಮಲಗಿಸಿದ 20 ಮಿ.ಮೀ. ಸ್ಲ್ಯಾಬಿನ ಅಡಿಮೈಗೆ ಬೀಳುವ ಎಳೆತ ಅದೇ ಉದ್ದದ ನಾಲ್ಕಿಂಚು ಚಪ್ಪಡಿಗೆ ಬೀಳುವುದರ ಐದು ಪಟ್ಟು, ಅದೂ ಸ್ವಂತ ತೂಕದಿಂದಲೇ. ಮೇಲೆ ಲಾರಿಯ ಕುಲುಕಾಟ ಸೇರಿದರೆ ನಡುವೆ ಸೀಳುವುದು ಖಂಡಿತ. ಅದೇ ಸ್ಲ್ಯಾಬನ್ನು ಅಂಚಿನ ಮೇಲೆ ನಿಲ್ಲಿಸಿ: ಈಗ ಭಾರವನ್ನು ತಾಳುವುದು 20 ಮಿ.ಮೀ. ದಪ್ಪವಲ್ಲ, ಎರಡೂವರೆ ಮೂರಡಿ ಅಗಲ. ಮುರಿಯುವ ಭಯ ಹೋಯಿತು. ಬೀಳುವ ಭಯ ಬಂತು.

ಯಂತ್ರದ ಕಟರುಗಳು ತೆಳ್ಳನೆ ಸ್ಲ್ಯಾಬುಗಳನ್ನು ಹಳ್ಳಿಯ ಅಡುಗೆಮನೆಗೂ ತಲುಪಿಸಿದ ಮೇಲೆ ಮಲಗಿಸುವ ಅಭ್ಯಾಸ ಹೋಗಿ ನಿಲ್ಲಿಸುವ ಅಭ್ಯಾಸ ಬಂತು. ಆದರೆ ನಿಲ್ಲಿಸುವುದಕ್ಕೆ ಬೇಕಾದ ಸಲಕರಣೆ ಕಲ್ಲಿನ ಜೊತೆ ಬರಲಿಲ್ಲ. ಚಪ್ಪಡಿ ಹೊತ್ತ ಕೈಗಳೇ ಸ್ಲ್ಯಾಬನ್ನೂ ಹಿಡಿದವು. ಹಾರೆ, ಬೊಂಬು, ಉರುಳೆಗಳ ಜಾಗದಲ್ಲಿ ಏನೂ ಇಲ್ಲ, ಬರಿಗೈ. ಈ ಸೀಮೆಯಲ್ಲಿ ಕಾಣುವ ಬಹುತೇಕ ಅಪಾಯಗಳಿಗೆ ಮೂಲ ಇಲ್ಲಿದೆ ಎಂಬುದು ಈ ಲೇಖಕನ ಅಭಿಪ್ರಾಯ.

ನಿಂತ ಸ್ಲ್ಯಾಬಿನ ಮೋಸವನ್ನು ಅಂಕಿಗಳಲ್ಲೇ ನೋಡಬಹುದು. 300 ಕೆ.ಜಿ.ಯ ಸ್ಲ್ಯಾಬ್ ನೆಟ್ಟನೆಯ ನಿಲುವಿನಿಂದ 5 ಡಿಗ್ರಿ ವಾಲಿದಾಗ ಅದರ ಮೇಲಂಚನ್ನು ತಡೆದು ನಿಲ್ಲಿಸಲು 13 ಕೆ.ಜಿ.ಯಷ್ಟು ಬಲ ಸಾಕು. ಹುಡುಗನೊಬ್ಬ ಕೈಯೊಡ್ಡಿದರೂ ನಿಲ್ಲುತ್ತದೆ. 10 ಡಿಗ್ರಿಗೆ 26, 30 ಡಿಗ್ರಿಗೆ 75, 45 ಡಿಗ್ರಿಗೆ 106 ಕೆ.ಜಿ. ಇದು ಸ್ಲ್ಯಾಬ್ ಅಲ್ಲಾಡದೆ ಇದ್ದರೆ. ಬೀಳುವ ವೇಗ ಕೂಡಿಕೊಂಡರೆ ಅದೆಷ್ಟೋ ಹೆಚ್ಚು. ಮೊದಲ ಗಳಿಗೆಯಲ್ಲಿ ಹಗುರವಾಗಿ ಕಂಡದ್ದು ಮರುಗಳಿಗೆಯಲ್ಲಿ ಇಬ್ಬರು ಆಳುಗಳಿಗೂ ಮೀರಿರುತ್ತದೆ. ‘ಹಿಡ್ಕೊಳ್ತೀನಿ’ ಎಂದು ಮುಂದೆ ಬಂದವನೇ ಅಡಿಗೆ ಸಿಗುವುದು ಇದರಿಂದ. ಬೀಳುವ ಸ್ಲ್ಯಾಬನ್ನು ಹಿಡಿಯಬಾರದು, ಬಿಟ್ಟು ಓಡಬೇಕು. ಕಲ್ಲಿನ ಬೆಲೆಯನ್ನು ಆಮೇಲೆ ಮಾತಾಡಬಹುದು.

ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾ 2008ರಲ್ಲಿ ಹೊರಡಿಸಿದ, ಗ್ರಾನೈಟ್ ಮತ್ತು ಮಾರ್ಬಲ್ ಸ್ಲ್ಯಾಬುಗಳ ಸಾಗಣೆ ಕುರಿತ ಎಚ್ಚರಿಕೆಯ ಪತ್ರದಲ್ಲಿ ಒಂದು ಒಳ್ಳೆಯ ಕಲ್ಪನೆ ಇದೆ. ಕನ್ನಡದಲ್ಲಿ ಅದನ್ನು ‘ಬೀಳುನೆರಳು’ ಎನ್ನಬಹುದು: ಸ್ಲ್ಯಾಬ್ ಬಿದ್ದರೆ ಆವರಿಸುವ ಜಾಗ. ಆರಡಿ ಎತ್ತರದ ಸ್ಲ್ಯಾಬಿಗೆ ಮುಂದೆ ಆರಡಿ ನೆರಳು, ಬುಡ ಜಾರಿದರೆ ಇನ್ನಷ್ಟು, ಅಕ್ಕಪಕ್ಕಕ್ಕೂ ಸ್ವಲ್ಪ. ಆ ನೆರಳಿನೊಳಗೆ ಯಾರೂ ನಿಲ್ಲಬಾರದು. ಹಿಡಿಯುವವರು ಎರಡು ತುದಿಗಳಲ್ಲಿ ನಿಲ್ಲಬೇಕು. ಲಾರಿಯ ಬದಿಗೂ ಸ್ಲ್ಯಾಬಿಗೂ ನಡುವೆ, ಗೋಡೆಗೂ ಸ್ಲ್ಯಾಬಿಗೂ ನಡುವೆ ಸಿಕ್ಕಿಕೊಳ್ಳಬಾರದು.

ಲಾರಿಯ ಮೇಲೆ

ಸ್ಲ್ಯಾಬುಗಳಿಗೆ ಸರಿಯಾದ ಆಸರೆ ಎಂದರೆ ಕಬ್ಬಿಣದ ಇಳಿಜಾರು ಸ್ಟ್ಯಾಂಡ್. ಎದುರಿನಿಂದ ನೋಡಿದರೆ ಗುಡಿಸಲಿನ ಮಾಡಿನಂತೆ ಎರಡು ಕಡೆಗೆ ವಾಲಿರುತ್ತದೆ. ಕಲ್ಲಿನ ಬುಡಕ್ಕೂ ಬೆನ್ನಿಗೂ ಮರದ ಪಟ್ಟಿ ಅಥವಾ ರಬ್ಬರ್ ಕೊಡುತ್ತಾರೆ. ಪಾಲಿಶ್ ಮೈಗೆ ಪಾಲಿಶ್ ಮೈ ಎದುರಾಗುವಂತೆ ಜೋಡಿ ಜೋಡಿಯಾಗಿ, ದೊಡ್ಡದು ಹಿಂದೆ ಚಿಕ್ಕದು ಮುಂದೆ, ಉದ್ದನೆಯ ಅಂಚು ಕೆಳಗೆ. ಎರಡೂ ಕಡೆ ಸರಿಸಮ ತೂಕ ಇರಬೇಕು. ಇಳಿಸುವಾಗಲೂ ಅತ್ತ ಒಂದು ಇತ್ತ ಒಂದು ತೆಗೆಯಬೇಕು. ಒಂದೇ ಕಡೆ ಖಾಲಿ ಮಾಡಿದರೆ ಸ್ಟ್ಯಾಂಡೇ ಉಳಿದ ಕಲ್ಲಿನ ಸಮೇತ ಮಗುಚುತ್ತದೆ.

ಬಿಗಿಯುವುದಕ್ಕೆ ಹಗ್ಗಕ್ಕಿಂತ ಬಿಗಿಯೊತ್ತುವ ನೈಲಾನ್ ಬೆಲ್ಟು ಮೇಲು. ಹಗ್ಗ ದಾರಿಯಲ್ಲಿ ಸಡಿಲವಾಗುತ್ತದೆ, ಕೊಯ್ದ ಅಂಚಿಗೆ ಉಜ್ಜಿ ಸವೆಯುತ್ತದೆ. ಬೆಲ್ಟಿಗೂ ಅಂಚಿನ ಕಡೆ ದಪ್ಪ ರಬ್ಬರ್ ಕೊಡಬೇಕು. ಬೆಂಗಳೂರು–ಹೈದರಾಬಾದ್ ಹೆದ್ದಾರಿ 44ರಲ್ಲಿ ಬರುವ ಲಾರಿಗೆ ಹೆದ್ದಾರಿಯ ಮೇಲೆ ಅಷ್ಟು ಕಷ್ಟವಿಲ್ಲ. ಕಷ್ಟ ಶುರುವಾಗುವುದು ಅಲ್ಲಿಂದ ಇಳಿದು ಊರಿನ ಹಂಪು, ಗುಂಡಿ, ಕೆರೆ ಏರಿಯ ತಿರುವುಗಳಿಗೆ ಸಿಕ್ಕಾಗ. ಇಳಿಸುವ ಮುಂಚೆ ಲಾರಿ ಮಟ್ಟಸ ನೆಲದಲ್ಲಿದೆಯೇ ಎಂದು ನೋಡಿಕೊಳ್ಳಬೇಕು. ಇಳಿಜಾರು ರಸ್ತೆಯಲ್ಲಿ ಒಂದು ಪಕ್ಕಕ್ಕೆ ವಾಲಿದ ಲಾರಿಯಲ್ಲಿ ಬೆಲ್ಟು ಬಿಚ್ಚಿದ ಕೂಡಲೇ ನೆಟ್ಟಗಿದ್ದ ಸ್ಲ್ಯಾಬುಗಳು ಗುಂಪಾಗಿ ಆಳಿನ ಕಡೆಗೆ ಬರುತ್ತವೆ.

ಅಧಿಕ ಭಾರಕ್ಕೆ ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಡಿ, 2019ರ ತಿದ್ದುಪಡಿಯ ಪ್ರಕಾರ 20,000 ರೂಪಾಯಿ ದಂಡ, ಹೆಚ್ಚಾದ ಪ್ರತಿ ಟನ್ನಿಗೆ ಮತ್ತೆ 2,000. ಹತ್ತು ದೊಡ್ಡ ಸ್ಲ್ಯಾಬ್ ಎಂದರೆ ಮೂರು ಟನ್. ಚಿಕ್ಕ ಗೂಡ್ಸ್ ಗಾಡಿಯವರು ‘ಇನ್ನೊಂದೆರಡು ಹಾಕಿ’ ಎನ್ನುವಾಗ ಈ ಲೆಕ್ಕ ಯಾರ ತಲೆಯಲ್ಲೂ ಇರುವುದಿಲ್ಲ.

ಇಳಿಸುವ ಗಳಿಗೆ

ಶಿಡ್ಲಘಟ್ಟದಂಥ ಊರಿನ ಓಣಿಯಲ್ಲಿ ಅಡುಗೆಮನೆ ಕಟ್ಟೆಗೆಂದು ಬಂದ ಕಲ್ಲು ಇಳಿಸುವುದನ್ನು ನೋಡಿದವರಿಗೆ ಈ ದೃಶ್ಯ ಪರಿಚಿತ. ಗಾಡಿ ಓಣಿಯ ಬಾಯಲ್ಲೇ ನಿಂತಿದೆ. ಅಲ್ಲಿಂದ ಮನೆಗೆ ಐವತ್ತು ಹೆಜ್ಜೆ. ಎಂಟಡಿ ಉದ್ದ ಎರಡೂವರೆ ಅಡಿ ಅಗಲದ ಕಲ್ಲು, ನೂರು ಕೆ.ಜಿ. ಇಬ್ಬರು ಹವಾಯಿ ಚಪ್ಪಲಿಯಲ್ಲೇ ಇದ್ದಾರೆ. ಅಂಗೈಗೆ ಹಳೆಯ ಸೈಕಲ್ ಟ್ಯೂಬಿನ ತುಂಡು. ಮುಂದಿನವನು ಹಿಂದು ಹಿಂದಕ್ಕೆ ನಡೆಯುತ್ತಾನೆ. ಮೇಸ್ತ್ರಿ ‘ಮೆಟ್ಲು ಐತೆ, ನೋಡ್ಕೊಳ್ರಪ್ಪೋ’ ಎನ್ನುತ್ತಾನೆ. ಮನೆಯೊಡತಿ ಬಾಗಿಲಲ್ಲಿ ಬಿದ್ದಿದ್ದ ಚಪ್ಪಲಿಗಳನ್ನು ಕಾಲಲ್ಲೇ ಸರಿಸುತ್ತಾಳೆ. ಕಲ್ಲು ಒಳಗೆ ಹೋಗುತ್ತದೆ. ‘ಎಲ್ಲಿ ಇಡೋಣಮ್ಮ?’ ‘ಅಲ್ಲೇ ಗೋಡೆಗೆ ಒರಗಿಸಿ.’

ಇದರಲ್ಲಿ ತಿದ್ದಬೇಕಾದ್ದು ಬಹಳವಿಲ್ಲ. ನೂರು ಕೆ.ಜಿ.ಗೆ ಇಬ್ಬರಲ್ಲ, ನಾಲ್ವರು ಅಥವಾ ಎರಡು ಗಾಲಿಯ ಕಲ್ಲು ಟ್ರಾಲಿ. ಚಪ್ಪಲಿಯ ಬದಲು ಉಕ್ಕಿನ ಮೂತಿಯ ಬೂಟು. ದಾರಿಯನ್ನು ಮೊದಲೇ ಗುಡಿಸಿ, ಬಾಗಿಲ ಅಗಲ ಅಳೆದು, ಮೆಟ್ಟಿಲಿಗೆ ಹಲಗೆ ಹಾಸಿರಬೇಕು. ಕಲ್ಲು ಯಾವಾಗಲೂ ಅಂಚಿನ ಮೇಲೆ. ಸಿಂಕಿಗೆ ಮೊದಲೇ ಕೊರೆದ ಕಲ್ಲಾದರೆ ಕೊರೆದ ಜಾಗದ ಎರಡು ಪಕ್ಕ ಉಳಿದ ನಾಲ್ಕು ಬೆರಳಗಲದ ಪಟ್ಟಿಗೆ ಮರದ ರೀಪರ್ ಬಿಗಿದು ಹೊರಬೇಕು, ಮುರಿಯುವುದು ಅಲ್ಲೇ. ಸಾಧ್ಯವಾದರೆ ಸಿಂಕನ್ನು ಮನೆಯಲ್ಲೇ ಕೊರೆಯುವುದು ಕಲ್ಲಿನ ದೃಷ್ಟಿಯಿಂದ ಒಳ್ಳೆಯದು, ಶ್ವಾಸಕೋಶದ ದೃಷ್ಟಿಯಿಂದ ಕೆಟ್ಟದ್ದು. ಗ್ರಾನೈಟ್ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಕುತ್ತು. ನೀರು ಹಾಕದೆ ಕೊಯ್ಯಬಾರದು.

ಕ್ರೇನಿನಿಂದ ಎತ್ತುವಾಗ ಕಲ್ಲಿನ ಇಕ್ಕಳ ಅಥವಾ ಬಟ್ಟೆಯ ಬೆಲ್ಟು ಬಳಸುತ್ತಾರೆ. ಎರಡು ಕವಲಿನ ಬೆಲ್ಟು ಎಷ್ಟು ಚಪ್ಪಟೆಯಾಗಿ ಹರಡುತ್ತದೋ ಅಷ್ಟು ಹೆಚ್ಚು ಎಳೆತಕ್ಕೆ ಸಿಕ್ಕುತ್ತದೆ. ನೆಲದಿಂದ 60 ಡಿಗ್ರಿ ಕೋನದಲ್ಲಿದ್ದರೆ ಪ್ರತಿ ಕವಲಿಗೂ ಒಟ್ಟು ತೂಕದ ಶೇ. 58, 30 ಡಿಗ್ರಿಗೆ ಇಳಿದರೆ ಒಂದೊಂದು ಕವಲೂ ಇಡೀ ತೂಕವನ್ನು ಹೊರಬೇಕಾಗುತ್ತದೆ. ಹೀರುಬಟ್ಟಲು, ಅಂದರೆ ವ್ಯಾಕ್ಯೂಮ್ ಹಿಡಿ, ಗಾಜಿಗೆ ಹೇಳಿ ಮಾಡಿಸಿದ್ದು. ಧೂಳು ಕೂತ ಅಥವಾ ಒರಟು ಮೈಯ ಕಲ್ಲಿಗೆ ನಂಬುವಂತಿಲ್ಲ.

ದಾಸ್ತಾನು

ಅಂಗಡಿಯ ಅಂಗಳದಲ್ಲಿ ಸ್ಲ್ಯಾಬುಗಳನ್ನು ನೀಲಗಿರಿ ಗಳುಗಳಿಗೆ ಒರಗಿಸಿ ನಿಲ್ಲಿಸುವುದು ಈ ಕಡೆ ಸಾಮಾನ್ಯ. ನೀಲಗಿರಿ ತೋಪುಗಳ ಜಿಲ್ಲೆಯಲ್ಲಿ ಗಳುವಿಗೆ ಬರವಿಲ್ಲ. ಬೇಸಿಗೆಯಲ್ಲಿ ಏನೂ ಆಗುವುದಿಲ್ಲ. ಸೆಪ್ಟೆಂಬರ್, ಅಕ್ಟೋಬರ್ ಮಳೆಗೆ ಕೆಂಪು ಮಣ್ಣು ನೆನೆದಾಗ ಒಂದು ಕಾಲು ಎರಡಿಂಚು ಕುಸಿಯುತ್ತದೆ. ಐದಡಿ ಅಗಲದ ಆಸರೆಗೆ ಒಂದು ಪಕ್ಕದ ಎರಡಿಂಚು ಕುಸಿತ ಎಂದರೆ ಎರಡು ಡಿಗ್ರಿ ವಾಲಿಕೆ. ಕೆಲವೇ ಡಿಗ್ರಿ ಒರಗಿ ನಿಂತ ಕಲ್ಲಿಗೆ ಅದು ದೊಡ್ಡ ಪಾಲು. ಆದ್ದರಿಂದ ಕಾಂಕ್ರೀಟ್ ನೆಲ, ಬೋಲ್ಟ್ ಹಾಕಿದ ಕಬ್ಬಿಣದ ಸ್ಟ್ಯಾಂಡ್, ಮತ್ತು ಪ್ರತಿ ಕಂತೆಯ ಮುಂದೆ ಕಲ್ಲನ್ನು ತಡೆಯುವ ನೆಟ್ಟ ಸಲಾಕೆಗಳು ಬೇಕು. ಸಲಾಕೆಗಳಿದ್ದರೆ ಗಿರಾಕಿಗೆ ಹಿಂದಿನ ಕಲ್ಲು ತೋರಿಸಲು ಮುಂದಿನ ನಾಲ್ಕನ್ನು ಎದೆಗೆ ಒರಗಿಸಿಕೊಂಡು ನಿಲ್ಲುವ ಅನಾಹುತ ತಪ್ಪುತ್ತದೆ. ಬಣ್ಣ ತೋರಿಸುವುದಕ್ಕೆ ಹೀಗೆ ಪುಸ್ತಕದ ಹಾಳೆ ಮಗುಚಿದಂತೆ ಸ್ಲ್ಯಾಬ್ ಮಗುಚುವುದು ಎಲ್ಲ ಅಂಗಡಿಯಲ್ಲೂ ಇದೆ, ಎಲ್ಲ ಕಡೆಯೂ ನಿಲ್ಲಬೇಕು.

ಮಹಡಿಯ ಮೇಲೆ ದಾಸ್ತಾನು ಮಾಡುವವರಿಗೆ ಇನ್ನೊಂದು ಲೆಕ್ಕ. ವಾಸದ ಮನೆಯ ಮಹಡಿಯನ್ನು ಭಾರತೀಯ ಮಾನಕ 875ರಂತೆ ಚದರ ಮೀಟರಿಗೆ ಸುಮಾರು 200 ಕೆ.ಜಿ. ಬಳಕೆಯ ಭಾರಕ್ಕೆ ವಿನ್ಯಾಸ ಮಾಡುತ್ತಾರೆ. ಗೋಡೆಯ ಬುಡದಲ್ಲಿ ಒರಗಿಸಿದ ಹತ್ತು ಸ್ಲ್ಯಾಬಿನ ಕಂತೆ ಒಂದು ಚದರ ಮೀಟರಿನ ಆಸುಪಾಸಿನ ಜಾಗಕ್ಕೆ ಸಾವಿರದಿಂದ ಮೂರು ಸಾವಿರ ಕೆ.ಜಿ. ಹೇರುತ್ತದೆ.

ಗಾಜು

ಗಾಜು ಈ ಸೀಮೆಯದಲ್ಲ. ಕಾರ್ಖಾನೆಯಿಂದ ಬೆಂಗಳೂರಿನ ಮಳಿಗೆಗಳಿಗೆ ಬಂದು ಅಲ್ಲಿಂದ ಚಿಂತಾಮಣಿ, ಗೌರಿಬಿದನೂರಿನ ಅಂಗಡಿಗಳಿಗೆ ಹಂಚಿಕೆಯಾಗುತ್ತದೆ. ಕಾರ್ಖಾನೆಯ ದೊಡ್ಡ ಹಾಳೆ 6 ಮೀಟರ್ ಉದ್ದ, 3.21 ಮೀಟರ್ ಅಗಲ ಇರುತ್ತದೆ. ನಿಲ್ಲಿಸುವ, ಬಿಗಿಯುವ ನಿಯಮಗಳೆಲ್ಲ ಕಲ್ಲಿನವೇ. ಹೆಚ್ಚಿನವು ಮೂರು. ಒಂದು, ನೀರು. ಹಾಳೆಗಳ ನಡುವೆ ತೇವ ಸೇರಿ ದಿನಗಟ್ಟಲೆ ಉಳಿದರೆ ಗಾಜಿನೊಳಗಿನ ಕ್ಷಾರ ಹೊರಬಂದು ಮೈಯನ್ನೇ ತಿಂದು, ಒರೆಸಿದರೂ ಹೋಗದ ಬಿಳಿ ಮಂಜು ಉಳಿಯುತ್ತದೆ. ಕಾರ್ಖಾನೆಯವರು ನಡುವೆ ಕಾಗದವನ್ನೋ ಪುಡಿಯನ್ನೋ ಹಾಕುವುದು ಅದಕ್ಕೆ. ಕಾಗದ ಒದ್ದೆಯಾಗಿದ್ದರೆ ಇಲ್ಲದಿರುವುದೇ ವಾಸಿ. ಎರಡು, ಅಂಚು. ಟಫನ್ಡ್ ಗಾಜಿನ ನಡುಮೈಗೆ ಗುದ್ದಿದರೆ ತಾಳೀತು. ಮೂಲೆ ಸಿಮೆಂಟ್ ನೆಲಕ್ಕೆ ತಾಗಿದರೆ ಇಡೀ ಹಾಳೆ ಕಲ್ಲುಸಕ್ಕರೆಯಂತೆ ಪುಡಿಯಾಗುತ್ತದೆ. ಟಫನ್ ಆದ ಮೇಲೆ ಕೊಯ್ಯಲೂ ಬಾರದು. ಸಾಧಾರಣ ಗಾಜು ಕತ್ತಿಯಂಥ ಚೂರಾಗುತ್ತದೆ. ಮಣಿಕಟ್ಟಿನ ತನಕ ಮುಚ್ಚುವ ಗಟ್ಟಿ ಕೈಗವಸು ಬೇಕು.

ಮೂರನೆಯದು ಗಾಳಿ. ಬೈಕಿನ ಹಿಂದೆ ಕೂತವನು ತೋಳಗಲಿಸಿ ಕಿಟಕಿಯ ಗಾಜು ಹಿಡಿದು ಹೋಗುವುದನ್ನು ಕಾಣದ ಪೇಟೆಯಿಲ್ಲ. 6 × 4 ಅಡಿಯ ಗಾಜಿಗೆ ಗಂಟೆಗೆ 40 ಕಿ.ಮೀ. ಗಾಳಿ ಎದುರಾಗಿ ಬಡಿದರೆ ಸುಮಾರು 20 ಕೆ.ಜಿ.ಯಷ್ಟು ತಳ್ಳುತ್ತದೆ. ಪಕ್ಕದಲ್ಲಿ ಬಸ್ಸು ಹಾದುಹೋದಾಗ ಬೈಕು ತೂಗಾಡುವುದು ಅದಕ್ಕೆ. ಇದಕ್ಕೆ ಸುರಕ್ಷಿತ ವಿಧಾನ ಎಂಬುದಿಲ್ಲ. ಆಟೊ ಬಾಡಿಗೆ ಕೊಡಬೇಕು, ಅಷ್ಟೆ.

ಮನೆ ಕಟ್ಟಿಸುವವರಿಗೆ

ಕ್ವಾರಿಗೂ ಕಾರ್ಖಾನೆಗೂ ಸುರಕ್ಷತೆಯ ಕಾನೂನು ಉಂಟು, ಲಾರಿಗೆ ಸಾರಿಗೆ ಇಲಾಖೆ. ಓಣಿಯ ಕೊನೆಯ ಐವತ್ತು ಹೆಜ್ಜೆಗೂ ಮನೆಯೊಳಗಿನ ಆ ಗೋಡೆಗೂ ಬಂದು ನೋಡುವ ಅಧಿಕಾರಿ ಯಾರೂ ಇಲ್ಲ. ಅಲ್ಲಿ ಮನೆಯವರದೇ ಮಾತು. ಕಲ್ಲು ಬರುವ ದಿನ ಮಕ್ಕಳನ್ನು ಪಕ್ಕದ ಮನೆಗೆ ಕಳಿಸಿ. ಒರಗಿಸುವ ಗೋಡೆ ಗಾರೆ ಆರಿದ್ದೋ ಹಸಿಯೋ ನೋಡಿ. ಕಲ್ಲಿನ ಬುಡ ಗೋಡೆಯಿಂದ ಒಂದು ಗೇಣು ಮುಂದಿರಲಿ, ಅದು ಜಾರದಂತೆ ಮುಂದೆ ಮರದ ಪಟ್ಟಿ ಹೊಡೆಸಿ, ಮೇಲ್ಭಾಗದಲ್ಲಿ ಗೋಡೆಗೆ ಎರಡು ಬೋಲ್ಟು ಹಾಕಿಸಿ ಅಡ್ಡಲಾಗಿ ಒಂದು ಬೆಲ್ಟು ಬಿಗಿಸಿ. ಇಷ್ಟಕ್ಕೆ ತಗಲುವುದು ಕೆಲವೇ ಚದರಡಿ ಗ್ರಾನೈಟಿನ ಬೆಲೆ.